ಮೂವರಲ್ಲಿ ಇಬ್ಬರು

ಕಂದಲಗಾಂವದ ಸುಮಿತ್ರಾಬಾಯಿಯ ಮನೆಗೆ ಹೋದವರು ಬಾಯಿಗೆ ಏನನ್ನೂ ಹಾಕಿಕೊಳ್ಳದೆ ಹೊರಬಿದ್ದದ್ದಿಲ್ಲ. ಬೇಡ ಅಂದರೆ ಬೈಯುತ್ತಾಳೆ. ಹೊಟ್ಟೆ ತುಂಬಿದೆ ಅಂದರೆ, ಯಾರ ಮನೆಯಲ್ಲಿ ತುಂಬಿಸಿಕೊಂಡು ಬಂದೆ, ನಮ್ಮ ಮನೆ ಏನು ಪಾಪ ಮಾಡಿತ್ತು ಎಂದು ಜಗಳಕ್ಕೇ ನಿಲ್ಲುತ್ತಾಳೆ. ಕರೆಂಟಿನ ಮೀಟರ್ ನೋಡಲು ಬಂದವನು ಕೂಡ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದು, ನೀರು ಕುಡಿದು, ಬೈಸಿಕೊಂಡೇ ಮುಂದಿನ ಮನೆಗೆ ಹೋಗಬೇಕು. ಬಾಯಿ ಬೊಂಬಾಯಿ, ಕೈ ಧಾರಾಳ. ಗಂಡ ಹಣಮಂತಪ್ಪ ಇದಕ್ಕೆ ತದ್ವಿರುದ್ಧ. ಅವನು ದಿನವಿಡೀ ಆಡುವ ಮಾತಿನಲ್ಲಿ ಮುಕ್ಕಾಲು ಪಾಲು ಕುರಿಗಳಿಗೇ ಹೋಗುತ್ತದೆ.

ಸುಮಿತ್ರಾಬಾಯಿ ಹುಟ್ಟಿದ್ದು ಅಕ್ಕಲಕೋಟದ ಕಡೆ, ಕುರಿ ಕಾಯುವವರ ಮನೆಯಲ್ಲಿ. ಕೊಟ್ಟದ್ದೂ ಕುರಿಯವರಿಗೇ. ಬೇಸಿಗೆ ಬಂತೆಂದರೆ ಗಂಡನ ಜೊತೆ ಹಿಂಡಿನ ಹಿಂದೆ ಭೀಮಾ ದಂಡೆಯವರೆಗೂ ನಡೆದವಳು. ತಾಯಿ ಸತ್ತ ಮರಿಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಹಿಟ್ಟಿನ ಅಂಬಲಿಯಲ್ಲಿ ಬೆರಳು ಅದ್ದಿ ಬಾಯಿಗಿಟ್ಟು ಬದುಕಿಸಿದವಳು. ತಿನ್ನಿಸಿದರೆ ಜೀವ ನಿಲ್ಲುತ್ತದೆ ಅನ್ನುವುದು ಅವಳಿಗೆ ಯಾವ ಪುರಾಣಿಕನೂ ಹೇಳಿಕೊಟ್ಟದ್ದಲ್ಲ. ಕಣ್ಣಾರೆ ಕಂಡದ್ದು.

ಅಂಥವಳ ಹೊಟ್ಟೆಯಲ್ಲೇ ಗಂಟು ಎದ್ದಿತು. ಅಂಡಾಶಯದ ಕ್ಯಾನ್ಸರ್. ಸೋಲಾಪುರದಲ್ಲಿ ಆಪರೇಷನ್ ಆಯಿತು, ಸಲಾಯನ್ನಿನಲ್ಲಿ ಔಷಧಿ ಏರಿಸಿದರು, ತಲೆಗೂದಲು ಹೋಯಿತು, ಮತ್ತೆ ಬಂತು. ಕೂದಲಿನ ಹಿಂದೆಯೇ ರೋಗವೂ ಬಂತು. ಬೇರೆ ಔಷಧಿ ಏರಿಸಿದರು. ಅದಕ್ಕೂ ಜಗ್ಗಲಿಲ್ಲ. ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳತೊಡಗಿದಾಗ ಆಸ್ಪತ್ರೆಯ ಡಾಕ್ಟರು ಸೋನಾಲಿ ಮೇಡಂ ಅವಳನ್ನು ಒಳಗೆ ಕರೆದು ಕೂರಿಸಿದರು. ಮೇಡಂ ಮಾತು ಮರಾಠಿ, ಆದರೆ ಅವರ ಅಜ್ಜಿಯ ಮನೆ ಅಕ್ಕಲಕೋಟ. ಕನ್ನಡ ಚೆನ್ನಾಗಿಯೇ ಬರುತ್ತಿತ್ತು.

ಹಳೆಯವೇ ಎರಡು ಔಷಧಿಗಳಿವೆ, ಒಂದೊಂದನ್ನೇ ಕೊಟ್ಟು ಗೊತ್ತಿದೆ, ಎರಡನ್ನೂ ಕೂಡಿಸಿ ಕೊಟ್ಟರೆ ಯಾವುದಕ್ಕೂ ಬಗ್ಗದ ಕ್ಯಾನ್ಸರ್ ಬಗ್ಗೀತೇ ಎಂದು ನೋಡುವ ಕೆಲಸ ಶುರುವಾಗಿದೆ ಎಂದರು ಮೇಡಂ. ಮೂರು ಮೂರು ಜನರಿಗೆ ಕೊಡುತ್ತಾರೆ. ಮೊದಲ ಮೂವರಿಗೆ ತೀರಾ ಸ್ವಲ್ಪ. ಅವರು ತಡೆದುಕೊಂಡರೆ ಮುಂದಿನ ಮೂವರಿಗೆ ಇನ್ನಷ್ಟು. ಹೀಗೇ ಮೆಟ್ಟಿಲು ಮೆಟ್ಟಿಲಾಗಿ ಏರುವುದು. ಯಾವುದಾದರೂ ಮೆಟ್ಟಿಲಿನಲ್ಲಿ ಮೂವರಲ್ಲಿ ಇಬ್ಬರಿಗೆ ದೊಡ್ಡ ತ್ರಾಸಾದರೆ ಅಲ್ಲಿಗೇ ನಿಲ್ಲಿಸುವುದು. ಇಷ್ಟು ಹೇಳಿ ಮೇಡಂ, ಚಿಕ್ಕಮ್ಮನನ್ನು ಕರೆಯುವಂತೆ ಮಾವಶಿ ಎಂದು ಕರೆದು, ಕೊನೆಗೆ ಇನ್ನೊಂದು ಮಾತು ಅಂದರು.

"ನಿಮಗ ಸುಳ್ಳ ಆಶಾ ಹಚ್ಚಂಗಿಲ್ಲ ಮಾವಶಿ. ಇದು ನಿಮಗ ಆರಾಮ ಮಾಡ್ಲಿಕ್ಕಂತ ಕೊಡೂದಲ್ಲ. ಮನಷ್ಯಾರ ಮೈ ಎಷ್ಟು ತಡಕೋತದ ಅಂತ ನೋಡ್ಲಿಕ್ಕೆ ಕೊಡೂದು. ಆರಾಮ ಆದ್ರ ದೇವ್ರ ದಯಾ."

ಡಾಕ್ಟರ ಬಾಯಲ್ಲಿ ಇಂಥ ಮಾತು! ವಾಸಿ ಮಾಡುತ್ತೇವೆ ಅಂದು ಮಾಡದೆ ಹೋದ ಡಾಕ್ಟರನ್ನು ಅವಳು ಕಂಡಿದ್ದಳು, ಮಾಡುವುದಕ್ಕಲ್ಲ ಎಂದೇ ಹೇಳಿ ಸೂಜಿ ಹಿಡಿದವರನ್ನು ಕಂಡಿರಲಿಲ್ಲ. ಹೊರಗೆ ಬಂದು ಗಂಡನಿಗೆ ಹೇಳಿದಳು. ಹಣಮಂತಪ್ಪ, ಜಂತಿನ ಔಷಧ ಹೊಸದು ಬಂದಾಗ ನಾವೂ ಮೊದಲು ಮೂರು ಕುರಿಗೆ ಹಾಕಿ ನೋಡುವುದಿಲ್ಲವೇ ಎಂದ. ಹಂಗಾದರೆ ನಾನೀಗ ಆ ಕುರಿ ಎಂದಳು ಅವಳು. ಊರಲ್ಲಿ ಜನ ತನ್ನನ್ನು ಆಗಲೇ ಸತ್ತವಳನ್ನು ನೋಡಿದಂತೆ ನೋಡುತ್ತಿದ್ದುದು ಸುಮಿತ್ರಾಬಾಯಿಗೆ ಸಾಕಾಗಿ ಹೋಗಿತ್ತು. ಕೂತು ಸಾಯುವುದಕ್ಕಿಂತ ಕುರಿಯಾಗುವುದೇ ವಾಸಿ ಎಂದು ಒಪ್ಪಿಕೊಂಡಳು.

ಒಪ್ಪಿಕೊಂಡ ಮೇಲೆ ಮೇಡಂ ನೂರೆಂಟು ಪ್ರಶ್ನೆ ಕೇಳಿದರು. ಜಡಿಬೂಟಿ, ವೈದ್ಯರ ಪುಡಿ, ಕಷಾಯ, ಹಳ್ಳಿ ಔಷಧ ಏನಾದರೂ ತೆಗೆದುಕೊಳ್ಳುತ್ತೀರೇನು, ತೆಗೆದುಕೊಂಡರೆ ಈ ಔಷಧಿಗೆ ಅಡ್ಡ ಬರುತ್ತದೆ ಎಂದರು. ಸುಮಿತ್ರಾಬಾಯಿ ಎದೆಯುಬ್ಬಿಸಿ ಇಲ್ಲ ಅಂದಳು. ಸುಳ್ಳಲ್ಲ. ಯಾರೋ ಕೊಟ್ಟ ಬೇರಿನ ಕಷಾಯವನ್ನು ಅವಳು ಮನೆಗೆ ಹೋದವಳೇ ತಿಪ್ಪೆಗೆ ಸುರಿದಳು. ತಲೆನೋವಿನ ಗುಳಿಗೆ ಕೂಡ ಮುಟ್ಟಲಿಲ್ಲ. ಮೇಡಂಗೆ ಕೊಟ್ಟ ಮಾತನ್ನು ಅಷ್ಟು ಕಟ್ಟುನಿಟ್ಟಾಗಿ ನಡೆಸಿದಳು.

ಕುರಿಯವರ ಕುಲದೇವರು ಬೀರೋಬಾನ ಭಂಡಾರದ ಮಾತೇ ಬೇರೆ. ಭಂಡಾರ ಅಂದರೆ ದೇವರ ಅರಿಶಿಣ. ಹಣೆಗೆ ಹಚ್ಚುವುದು, ಮೇಲೆ ತೂರುವುದು, ಚಿಟಿಕೆ ಬಾಯಿಗೆ ಹಾಕಿಕೊಳ್ಳುವುದು. ಎರಡನೇ ಔಷಧಿಯೂ ಸೋತಾಗ ಅವಳು ದೇವರ ಮುಂದೆ ಕೂತಿದ್ದಳು, ಪೂಜಾರಿ ಮರೆಪ್ಪನ ಮೈಮೇಲೆ ದೇವರು ಬಂದು, ಎರಡೂ ಹೊತ್ತು ನನ್ನ ಭಂಡಾರ ಉಣ್ಣು, ನಿನ್ನ ಹೊಟ್ಟೆ ನಾನು ಕಾಯುತ್ತೇನೆ ಎಂದು ಹೇಳಿಕೆಯಾಗಿತ್ತು. ಚಿಟಿಕೆ ಎಷ್ಟಕ್ಕೆ ಸಾಲುತ್ತದೆ? ಕೈ ಧಾರಾಳದವಳು ಸಾಂಗ್ಲಿ ಕಡೆಯ ಅರಿಶಿಣದ ಕೊಂಬು ತರಿಸಿ, ಮನೆಯಲ್ಲೇ ಕುಟ್ಟಿ, ದೇವರ ಮುಂದಿಟ್ಟು ತಂದು, ತುಪ್ಪ ಬೆಲ್ಲ ಕರಿಮೆಣಸು ಹಾಕಿ ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿದಳು. ಮುಂಜಾನೆ ಒಂದು, ಸಂಜೆ ಒಂದು. ಅದನ್ನು ಔಷಧಿ ಎಂದು ಕರೆದರೆ ಬೀರೋಬಾನಿಗೆ ಸಿಟ್ಟು ಬರದೇ ಇದ್ದೀತೇ? ಮೇಡಂ ಕೇಳಿದ್ದು ಔಷಧಿಯನ್ನು, ದೇವರನ್ನಲ್ಲ.

ಔಷಧಿ ಏರಿಸುವುದು ಮಂಗಳವಾರ ಮಂಗಳವಾರ. ಮೊದಲೆರಡು ಮೆಟ್ಟಿಲಿನವರು ಆಗಲೇ ತಡೆದುಕೊಂಡಿದ್ದರು, ಈಗ ಮೂರನೇ ಮೆಟ್ಟಿಲಿನ ಮೂವರಿಗೆ ಕಿಟಕಿಯ ಹತ್ತಿರ ಮೂರು ದೊಡ್ಡ ಖುರ್ಚಿ. ಒಂದರಲ್ಲಿ ಸುಮಿತ್ರಾಬಾಯಿ. ಇನ್ನೊಂದರಲ್ಲಿ ನಂದೇಶ್ವರದ ರೇವಣ್ಣ, ಅವನೂ ಕುರಿಯವನೇ. ಗಂಟಲಿನ ಕ್ಯಾನ್ಸರಿಗೆ ಅನ್ನನಾಳ ಮುಚ್ಚಿಹೋಗಿ, ಹೊಟ್ಟೆಗೆ ಕೂರಿಸಿದ ನಳಿಕೆಯಲ್ಲಿ ಆಸ್ಪತ್ರೆಯವರು ಹೇಳಿದ ಹಾಲು ಗಂಜಿ ಮಾತ್ರ ಹೋಗುತ್ತಿತ್ತು. ನಡುವಿನ ಖುರ್ಚಿಯಲ್ಲಿ ರೂಪಾಲಿ. ನವಿ ಪೇಠದ ಬಟ್ಟೆ ವ್ಯಾಪಾರಿಗಳ ಮನೆಯ ಸೊಸೆ, ಮೂವತ್ತು ದಾಟಿರಲಿಲ್ಲ. ಎದೆಯ ಕ್ಯಾನ್ಸರ್ ಕುತ್ತಿಗೆಗೆ ಏರಿ, ಕಿವಿಯ ಕೆಳಗೆ ಅಡಿಕೆಯಷ್ಟು ಗಂಟು ಕಾಣುತ್ತಿತ್ತು. ಗಂಡ ನಿಲೇಶ ಬಾಗಿಲವರೆಗೆ ಬಿಟ್ಟು ಅಂಗಡಿಗೆ ಹೋಗಿಬಿಡುತ್ತಿದ್ದ.

ಸುಮಿತ್ರಾಬಾಯಿ ಬಿಡುತ್ತಾಳೆಯೇ? ಮೊದಲ ಮಂಗಳವಾರವೇ ಹುಡುಗಿಯ ಬಾಯಿ ಬಿಡಿಸಿದಳು. ಮನೆಯಲ್ಲಿ ರೂಪಾಲಿಗೆ ತಾಟು ಬೇರೆ, ಲೋಟ ಬೇರೆ, ಹಾಸಿಗೆ ಬೇರೆ. ಕ್ಯಾನ್ಸರ್ ಅಂಟುವ ರೋಗವಲ್ಲ ಎಂದು ಮೇಡಂ ನಿಲೇಶನನ್ನು ಕರೆದು ಹೇಳಿದ್ದರೂ ಅತ್ತೆ ಕೇಳುವವಳಲ್ಲ. ಊಟ ಬಾಗಿಲ ಹತ್ತಿರ ಇಟ್ಟು ಹೋಗುತ್ತಾರಂತೆ. ಶಾಲೆಗೆ ಹೋಗುವ ಮಗಳನ್ನು ಕೂಡ ಅವಳ ಮಗ್ಗುಲಿಗೆ ಬಿಡುವುದಿಲ್ಲವಂತೆ. ಇದನ್ನು ಕೇಳಿ ಸುಮಿತ್ರಾಬಾಯಿ ಹೌಹಾರಿದಳು. ಅತ್ತೆಯ ವಂಶವನ್ನೆಲ್ಲ ಅಲ್ಲಿಂದಲೇ ಉದ್ಧಾರ ಮಾಡಿದಳು. ಬಯ್ದು ಮುಗಿದ ಮೇಲೆ ಸೆರಗಿನ ಗಂಟಿನಿಂದ ಭಂಡಾರದ ಉಂಡೆ ತೆಗೆದು, ಬಾಯಿ ತೆಗಿ ಎಂದಳು. ರೂಪಾಲಿ ಒಂದು ಗಳಿಗೆ ಅವಳ ಕೈಯನ್ನು ನೋಡಿದಳು. ಆಮೇಲೆ ಬಾಯಿ ತೆರೆದಳು. ಉಂಡೆ ಇಟ್ಟು, ತುಟಿಗೆ ಹತ್ತಿದ ಹಳದಿಯನ್ನು ಸುಮಿತ್ರಾಬಾಯಿ ಹೆಬ್ಬೆರಳಿನಿಂದ ಒರೆಸಿ, ಕೆನ್ನೆ ತಟ್ಟಿದಳು. ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ಕರಿಮೆಣಸಿನ ಖಾರಕ್ಕೆ ಇರಬೇಕು ಎಂದುಕೊಂಡಳು ಇವಳು.

ಆವತ್ತಿನಿಂದ ಪ್ರತಿ ಮಂಗಳವಾರ ಕೈಯಾರೆ ಒಂದು ಉಂಡೆ, ಉಳಿದ ದಿನಗಳಿಗೆ ಸ್ಟೀಲಿನ ಡಬ್ಬಿ ತುಂಬ. ಪಾಪ ರೇವಣ್ಣನಿಗೆ ನುಂಗಲು ಬಾರದು. ಅವನ ಹಣೆಗೆ ಹಚ್ಚಿ ಕೈಮುಗಿಸಿದರೆ ಆಯಿತು.

ಕೆಲವು ವಾರಗಳಲ್ಲಿ ಯಾರೂ ಎಣಿಸದ ಸಂಗತಿ ನಡೆಯಿತು. ರೂಪಾಲಿಯ ಕುತ್ತಿಗೆಯ ಗಂಟು ಕರಗತೊಡಗಿತು. ಮೊದಲು ಸುಮಿತ್ರಾಬಾಯಿಯ ಬೆರಳಿಗೆ ಗೊತ್ತಾದದ್ದು. ಮುಟ್ಟಿ ಮುಟ್ಟಿ ನೋಡಿ, ಮೇಡಂ ಬರುವವರೆಗೂ ತಡೆಯಲಾರದೆ ನರ್ಸನ್ನು ಕೂಗಿದಳು. ಮೇಡಂ ಅಳೆದು ನೋಡಿ, ಏನೂ ಹೇಳಬಾರದೆಂದು ಅಂದುಕೊಂಡವರಂತೆ ತುಟಿ ಬಿಗಿಹಿಡಿದರೂ ನಗು ಹೊರಬಿತ್ತು. ಸುಮಿತ್ರಾಬಾಯಿಯ ಹೊಟ್ಟೆಯ ನೀರೂ ಇಳಿದಿತ್ತು, ಆದರೆ ಅವಳಿಗೆ ತನ್ನ ಹೊಟ್ಟೆ ನೆನಪಿರಲಿಲ್ಲ. ಈ ಹುಡುಗಿ ಬದುಕುತ್ತಾಳೆ, ಮಗಳನ್ನು ಮಗ್ಗುಲಲ್ಲಿ ಮಲಗಿಸಿಕೊಳ್ಳುತ್ತಾಳೆ. ಅದೊಂದೇ ಅವಳ ತಲೆಯಲ್ಲಿ. ಬೀರೋಬಾನಿಗೆ ಕಂಬಳಿ ಹೊದಿಸುತ್ತೇನೆ ಎಂದು ಹರಕೆಯನ್ನೂ ಹೊತ್ತಳು.

ಮುಂದಿನ ಮಂಗಳವಾರ ರೂಪಾಲಿ ಬಂದಾಗ ಅವಳ ಕಣ್ಣು ಹಳದಿಯಾಗಿತ್ತು. ಕಾಮಣಿ, ಅಂದರೆ ಕಾಮಾಲೆ. ರಕ್ತ ತಪಾಸಣೆಯಲ್ಲಿ ಲಿವರು ಕೆಟ್ಟದ್ದು ಕಂಡಿತು. ಸುಮಿತ್ರಾಬಾಯಿಯ ಕಣ್ಣು ಹಳದಿಯಾಗಿರಲಿಲ್ಲ, ರಕ್ತ ಮಾತ್ರ ಅದೇ ಮಾತು ಹೇಳಿತು. ಮೇಡಂ ಇಬ್ಬರಿಗೂ ಔಷಧಿ ಏರಿಸಲಿಲ್ಲ. ಮೂವರಲ್ಲಿ ಇಬ್ಬರಿಗೆ ದೊಡ್ಡ ತ್ರಾಸು. ಈ ಮೆಟ್ಟಿಲು ಮೈ ತಡೆಯುವುದಿಲ್ಲ ಎಂದೇ ಅರ್ಥ, ಔಷಧಿ ಇಲ್ಲಿಗೆ ನಿಲ್ಲಬೇಕು ಎಂದರು.

"ಆಕೀ ಗಂಟು ಕರಗಾಕತ್ತದಲ್ರಿ ಬಾಯಾರ!" ಎಂದಳು ಸುಮಿತ್ರಾಬಾಯಿ.

ಅದು ತನಗೂ ಗೊತ್ತು ಎಂದು ಮೇಡಂ ಮುಖ ತಿರುಗಿಸಿಕೊಂಡರು. ನಿಲೇಶ ಅದೇ ದಿನ ರೂಪಾಲಿಯನ್ನು ಅಕ್ಕಲಕೋಟದ ತವರಿಗೆ ಕಳಿಸಿಬಿಟ್ಟ. ಕಾಮಣಿಯೂ ಸೇರಿದ ಮೇಲೆ ಅತ್ತೆ ಮನೆಯಲ್ಲಿ ಇಟ್ಟುಕೊಳ್ಳುವ ಮಾತೇ ಇರಲಿಲ್ಲ.

ಎರಡು ದಿನ ಬಿಟ್ಟು ಮೇಡಂ ಸುಮಿತ್ರಾಬಾಯಿಯನ್ನು ಮತ್ತೆ ಕರೆಸಿದರು. ಅವರಿಗೆ ಒಂದು ಸಂಗತಿ ಅರ್ಥವಾಗುತ್ತಿರಲಿಲ್ಲ. ಮೂವರಲ್ಲಿ ಎಲ್ಲರಿಗಿಂತ ಬಡಕಲು ರೇವಣ್ಣ, ಅವನ ಲಿವರಿಗೆ ಕೂದಲಷ್ಟೂ ಧಕ್ಕೆಯಿಲ್ಲ. ಈ ಸಲ ಮೇಡಂ ಔಷಧಿಯ ಸುದ್ದಿ ಎತ್ತಲಿಲ್ಲ. ಮುಂಜಾನೆ ಎದ್ದಲ್ಲಿಂದ ರಾತ್ರಿ ಮಲಗುವವರೆಗೆ ಬಾಯೊಳಗೆ ಏನೇನು ಹೋಗುತ್ತದೆ, ನೀರು ಕೂಡ ಬಿಡದೆ ಹೇಳಿ ಎಂದರು. ಸುಮಿತ್ರಾಬಾಯಿ ಸಂತೋಷದಿಂದ ಶುರುಮಾಡಿದಳು. ಎದ್ದ ಕೂಡಲೇ ಮುಖ ತೊಳೆದು ದೇವರ ಭಂಡಾರ, ಆಮೇಲೆ ಚಹಾ, ಆಮೇಲೆ ಬಿಸಿ ರೊಟ್ಟಿ...

ಎಷ್ಟು ಭಂಡಾರ ಎಂದು ಕೇಳಿದರು ಮೇಡಂ. ಇವಳು ಸೆರಗಿನ ಗಂಟು ಬಿಚ್ಚಿ ಉಂಡೆಯನ್ನು ಮೇಜಿನ ಮೇಲೆ ಇಟ್ಟಳು. ಮೇಡಂ ಅದನ್ನು ಮುರಿದರು, ಮೂಸಿದರು. ಕರಿಮೆಣಸು ಇದೆಯೇ ಎಂದರು. ಇದೆ ಎಂದಳು. ದಿನಕ್ಕೆ ಎರಡೇ ಎಂದರು. ಎರಡು ಎಂದಳು. ಮೇಡಂ ಉಂಡೆಯನ್ನು ಕೆಳಗಿಟ್ಟರು. ಅಡುಗೆಗೆ ಹಾಕುವ ಅರಿಶಿಣದಿಂದ ಏನೂ ಆಗುವುದಿಲ್ಲ, ಇಷ್ಟು ಪ್ರಮಾಣದಲ್ಲಿ, ಅದೂ ಕರಿಮೆಣಸಿನ ಜೊತೆ ತಿಂದರೆ ಕೆಲವರಿಗೆ ಲಿವರನ್ನೇ ಹಿಡಿಯುತ್ತದೆ, ಇಂಥ ಔಷಧಿ ಮೈಯಲ್ಲಿರುವಾಗ ಕೇಳುವುದೇ ಬೇಡ ಎಂದು ನಿಧಾನಕ್ಕೆ ಬಿಡಿಸಿ ಹೇಳಿದರು. ಆಮೇಲೆ ಕೇಳಿದರು.

"ರೂಪಾಲಿಗೂ ಕೊಟ್ಟೀರೇನ್ರಿ ಮಾವಶಿ?"

ಸುಮಿತ್ರಾಬಾಯಿ ಮೇಜಿನ ಮೇಲಿನ ಮುರಿದ ಉಂಡೆಯನ್ನೇ ನೋಡಿದಳು. ನುಂಗಲಾರದ ರೇವಣ್ಣನಿಗೆ ಏನೂ ಆಗಿಲ್ಲ. ನುಂಗಿದ ಇಬ್ಬರಿಗೂ ಆಗಿದೆ. ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ತಾನು ತಿಂದದ್ದಲ್ಲದೆ, ಡಬ್ಬಿ ಕಟ್ಟಿಕೊಟ್ಟಿದ್ದಳು! ಬಾಯಿ ತೆಗೆಸಿ ಇಟ್ಟಿದ್ದಳು! ತಾನು ಕೆಟ್ಟ ಕೋತಿ ವನವನ್ನೆಲ್ಲ ಕೆಡಿಸಿತು ಅನ್ನುವುದು ಇದನ್ನೇ. ಹೌದು ಎಂದು ತಲೆಯಾಡಿಸಿದಳು. ಮೇಡಂ ಅಲ್ಲೇ ಕೂತು ಅಕ್ಕಲಕೋಟಕ್ಕೆ ಫೋನು ಹಚ್ಚಿದರು. ರೂಪಾಲಿಯೂ ಹೌದು ಎಂದಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗಿತ್ತು. ತಪ್ಪು ಭಂಡಾರದ್ದು, ಬರೆ ಔಷಧಿಗೆ. ಮೇಡಂ ಇದ್ದದ್ದನ್ನು ಇದ್ದಂತೆ ಮೇಲಿನವರಿಗೆ ತಿಳಿಸಿದರು. ಪುಣೆಯಲ್ಲಿ ಕೂತ ಹಿರಿಯ ಡಾಕ್ಟರುಗಳು ವಿಚಾರ ಮಾಡಿ, ಈ ತ್ರಾಸನ್ನು ಔಷಧಿಯ ಲೆಕ್ಕಕ್ಕೆ ಹಿಡಿಯುವುದು ಬೇಡ, ಹೊಸಬರನ್ನು ಕೂರಿಸಿ ಇದೇ ಮೆಟ್ಟಿಲನ್ನು ಮತ್ತೆ ನೋಡಿರಿ ಎಂದರು. ಇವರಿಬ್ಬರ ಲಿವರು ಮೂರು ವಾರದೊಳಗೆ ಹದಕ್ಕೆ ಬಂದರೆ ಇವರಿಗೂ ಔಷಧಿ ಮುಂದುವರಿಸಬಹುದು. ಬರದಿದ್ದರೆ ಹೊರಗೆ. ನಿಯಮ ಅಂದರೆ ನಿಯಮ.

ಆ ಮೂರು ವಾರ ಸುಮಿತ್ರಾಬಾಯಿ ಮನೆಗೆ ಬಂದವರಿಗೆ ನೀರು ಕೂಡ ತಾನಾಗಿ ಕೊಡಲಿಲ್ಲ. ತನ್ನ ಕೈಯನ್ನು ಕಂಡರೆ ಅವಳಿಗೇ ಹೆದರಿಕೆಯಾಗುತ್ತಿತ್ತು. ಬೀರೋಬಾನ ಗುಡಿಗೆ ಹೋಗಿ, ನೀನು ಯಾಕೆ ಹೀಗೆ ಮಾಡಿದೆ ಎಂದು ಎದುರಿಗೇ ಕೇಳಿದಳು. ಪೂಜಾರಿ ಮರೆಪ್ಪ, ದೇವರು ಉಣ್ಣು ಅಂದದ್ದು ನಿನಗೆ, ಉಂಡೆ ಕಟ್ಟಿ ಹಂಚು ಅಂದಿರಲಿಲ್ಲ ಎಂದುಬಿಟ್ಟ. ಗಾಯದ ಮೇಲೆ ಉಪ್ಪು. ಅವನಿಗೆ ಬಯ್ಯಲೂ ಅವಳಿಗೆ ತ್ರಾಣವಿರಲಿಲ್ಲ.

ಅವಳ ಲಿವರು ಹದಕ್ಕೆ ಬಂತು. ರೂಪಾಲಿಯದು ಬರಲಿಲ್ಲ.

ಸುದ್ದಿ ಹೇಳಿದಾಗ ಸುಮಿತ್ರಾಬಾಯಿ ಮೇಡಂ ಮುಂದೆ ಸೆರಗೊಡ್ಡಿ ನಿಂತಳು. ನನ್ನ ಜಾಗ ಅವಳಿಗೆ ಕೊಡಿ, ನನ್ನ ಬಾಟಲಿ ಅವಳಿಗೆ ಏರಿಸಿ, ನಾನು ಮೊಮ್ಮಕ್ಕಳನ್ನು ಕಂಡವಳು, ನನಗೆ ಸಾಕು ಎಂದಳು. ಜಾಗ ಬದಲಾಯಿಸಿಕೊಳ್ಳುವ ಹಾಗಿದ್ದರೆ ಎಂದೋ ಮಾಡುತ್ತಿದ್ದೆ, ಆ ಲಿವರಿಗೆ ಈ ಔಷಧಿ ಏರಿಸಿದರೆ ಅವಳನ್ನು ನಾವೇ ಕೊಂದಂತೆ ಎಂದರು ಮೇಡಂ.

ಮರುದಿನ ಹಣಮಂತಪ್ಪನನ್ನು ಕರೆದುಕೊಂಡು ಅಕ್ಕಲಕೋಟದ ಬಸ್ಸು ಹತ್ತಿದಳು. ಬೈಸಿಕೊಳ್ಳಲು, ಹೊಡೆದರೆ ಹೊಡೆಸಿಕೊಳ್ಳಲು ಹೊರಟಿದ್ದಳು. ಬಸ್ ಸ್ಟ್ಯಾಂಡಿನಿಂದ ಕೇಳುತ್ತ ಕೇಳುತ್ತ ಮನೆ ಹುಡುಕಿದರು. ರೂಪಾಲಿಯ ತಾಯಿ ಪಾರ್ವತಿಬಾಯಿ ಬಾಗಿಲು ತೆಗೆದು, ಯಾರು ಎಂದು ತಿಳಿದ ಮೇಲೂ ಒಳಗೆ ಬನ್ನಿ ಎಂದಳು. ಹಣಮಂತಪ್ಪ ಕಟ್ಟೆಯ ಮೇಲೆಯೇ ಕೂತ.

ರೂಪಾಲಿ ಒಳಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಕುತ್ತಿಗೆಯ ಗಂಟು ಮತ್ತೆ ಎದ್ದಿತ್ತು. ಅದನ್ನು ನೋಡಿದ ಸುಮಿತ್ರಾಬಾಯಿ ನೆಲದ ಮೇಲೆ ಕೂತು ತಲೆ ತಗ್ಗಿಸಿದಳು.

"ನಿನ್ನ ಜೀವಕ್ಕ ನಾನ ಮುಳ್ಳಾದೆ, ಮಗಳ. ನನಗ ಗೊತ್ತಿದ್ದಿಲ್ಲ. ಬೀರೋಬಾನ ಆಣಿ, ಗೊತ್ತಿದ್ದಿಲ್ಲ."

"ನನಗ ಗೊತ್ತಿತ್ರಿ, ಮಾವಶಿ" ಎಂದಳು ರೂಪಾಲಿ.

ಸುಮಿತ್ರಾಬಾಯಿ ತಲೆಯೆತ್ತಿದಳು. ಕೇಳಿದ್ದು ಸರಿಯೋ ತಪ್ಪೋ ತಿಳಿಯಲಿಲ್ಲ. ರೂಪಾಲಿ ಸಣ್ಣ ದನಿಯಲ್ಲಿ ಹೇಳಿದಳು. ಅವಳು ಕಲಿತವಳು, ಶುರುವಿನಲ್ಲೇ ಮೇಡಂ ಹತ್ತಿರ, ಅರಿಶಿಣದ ಗುಳಿಗೆ ತೆಗೆದುಕೊಂಡರೆ ಒಳ್ಳೆಯದಂತೆ, ಹೌದೇ ಎಂದು ಕೇಳಿದ್ದಳು. ಅಡುಗೆಯಲ್ಲಿ ಹಾಕಿದಷ್ಟು ಬಿಟ್ಟು ಬೇರೆ ಬೇಡವೇ ಬೇಡ ಎಂದು ಮೇಡಂ ಹೇಳಿದ್ದರು. ಮೊದಲ ಮಂಗಳವಾರ ಉಂಡೆ ಬಾಯಿಯ ಹತ್ತಿರ ಬಂದಾಗ ಅವಳಿಗೆ ಅದು ನೆನಪಿತ್ತು. ಕಣ್ಣು ಹಳದಿಯಾದ ದಿನ, ಬೇರೆ ಏನಾದರೂ ತಿಂದಿರೇನು ಎಂದು ಮೇಡಂ ಕೇಳಿದಾಗಲೂ ನೆನಪಿತ್ತು, ಇಲ್ಲ ಅಂದಿದ್ದಳು.

"ಗೊತ್ತಿದ್ದೂ ಯಾಕ ಬಾಯಿ ತೆರದಿ?" ಸುಮಿತ್ರಾಬಾಯಿಗೆ ಸಿಟ್ಟೇ ಬಂದಿತ್ತು.

ರೂಪಾಲಿ ಬಾಗಿಲ ಕಡೆ ನೋಡಿದಳು, ತಾಯಿ ಹತ್ತಿರ ಇಲ್ಲವೆಂದು ಖಾತ್ರಿ ಮಾಡಿಕೊಂಡಳು.

"ಎರಡ ವರ್ಷ ಆತ್ರಿ, ಆ ಮನ್ಯಾಗ ಯಾರೂ ನನ್ನ ಮುಟ್ಟಿಲ್ಲ. ನೀವು ಮುಟ್ಟಿದ್ರಿ. ಬ್ಯಾಡ ಅಂದ್ರ ನಿಮ್ಮ ಕೈ ಹಿಂದ ಹೋಗತಿತ್ತು. ಸಾಯೋ ಹೆದರಿಕಿ ಇದ್ದಿಲ್ಲ ನನಗ. ಯಾರೂ ಮುಟ್ಟದ ಹಂಗ ಸಾಯೋ ಹೆದರಿಕಿ ಇತ್ತು."

ಸುಮಿತ್ರಾಬಾಯಿ ಎದ್ದು ಹೋಗಿ ಹುಡುಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಹುಚ್ಚಿ, ಬ್ಯಾಡ ಅಂದಿದ್ರ ಸಕ್ರಿ ತಿನಸ್ತಿದ್ದೆ. ಬಾಳಿಹಣ್ಣ ತಿನಸ್ತಿದ್ದೆ. ಬರೇ ಕೈ ಹಿಡಕೊಂಡು ಕುಂಡ್ರತಿದ್ದೆ."

ರೂಪಾಲಿಯ ಕಣ್ಣು ಅಗಲವಾಯಿತು. ಆ ಕೈಗಳ ನಡುವೆ ಮುಖ ಅಲುಗಿಸದೆ ಅವಳು ಸುಮಿತ್ರಾಬಾಯಿಯನ್ನೇ ನೋಡುತ್ತ ಕೂತಳು. ಅಷ್ಟೂ ಮಂಗಳವಾರಗಳಲ್ಲಿ ಒಮ್ಮೆಯೂ ಈ ಮಾತು ಅವಳಿಗೆ ಹೊಳೆದಿರಲಿಲ್ಲ.